ಕರೆಂಟಿಗೆ ಸಂಘ ಬಂತು, ನೀರಿಗೆ ಮಿತಿ ಬರಲಿಲ್ಲ

ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನಲ್ಲಿ ಮನೆಯ ದೀಪಕ್ಕೂ ಹೊಲದ ಪಂಪಿಗೂ ಕರೆಂಟು ಕೊಟ್ಟು ಬಿಲ್ಲು ವಸೂಲು ಮಾಡುವುದು ಒಂದು ಸಹಕಾರಿ ಸಂಘ. ಸುತ್ತಲಿನ ತಾಲ್ಲೂಕುಗಳಿಗೆ ಸರಕಾರಿ ವಿದ್ಯುತ್ ಕಂಪನಿಯಾದ ಹೆಸ್ಕಾಂ ಇದೆ. ಇಲ್ಲಿ ಮಾತ್ರ 1969ರಲ್ಲಿ ನೋಂದಣಿಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಕರ್ನಾಟಕದಲ್ಲಿ ಇಂಥದ್ದು ಇದೊಂದೇ. ಕಂಬ, ತಂತಿ, ಟ್ರಾನ್ಸ್‌ಫಾರ್ಮರು, ಕಚೇರಿ, ಲೈನ್‌ಮನ್‌ಗಳ ಪಗಾರ ಎಲ್ಲವೂ ಷೇರು ಪಡೆದ ಸದಸ್ಯರ ಸಂಘದ ಲೆಕ್ಕಕ್ಕೆ ಸೇರಿದವು. ಬಂಡವಾಳಶಾಹಿಗೆ ಬದಲಿ ವ್ಯವಸ್ಥೆ ಸಾಧ್ಯವೇ, ಭೂಮಿ ತಾಳಿಕೊಳ್ಳುವಂಥ ಅರ್ಥವ್ಯವಸ್ಥೆಯೊಂದು ಎಲ್ಲಾದರೂ ಉಂಟೇ ಎಂಬ ಚರ್ಚೆ ಈಗ ಜಗತ್ತಿನ ಎಲ್ಲೆಡೆ ನಡೆದಿದೆ. ಹವಾಮಾನ ಬದಲಾಗುತ್ತಿರುವ ಹೊತ್ತಿನಲ್ಲಿ ಆ ಚರ್ಚೆ ಬೇಕೇ ಬೇಕು. ಆದರೆ ಅದು ಹೆಚ್ಚಾಗಿ ಮುಂದೆಂದೋ ಬರಬೇಕಾದ ಸಮಾಜದ ಕುರಿತ ಊಹೆಯಾಗಿ ಉಳಿಯುತ್ತದೆ. ಹುಕ್ಕೇರಿಯಲ್ಲಿ ಐವತ್ತು ವರ್ಷಕ್ಕೂ ಮೀರಿದ ಅನುಭವವಿದೆ. ಆ ಅನುಭವ ಹೇಳುವುದು ಎರಡು ಮಾತು. ಬಳಸುವವರೇ ಒಡೆಯರಾಗಿ ಒಂದು ದೊಡ್ಡ ಸೇವೆಯನ್ನು ನಡೆಸಬಲ್ಲರು, ಇದು ಸಾಬೀತಾಗಿದೆ. ಆದರೆ ಒಡೆತನ ಬದಲಾದಷ್ಟಕ್ಕೇ ನೆಲ, ನೀರು ಉಳಿಯುವುದಿಲ್ಲ. ಎಷ್ಟು ತೆಗೆಯಬಹುದು ಎಂಬ ಮಿತಿಯನ್ನು ಆ ಒಡೆಯರೇ ತಮ್ಮ ಬೈಲಾದಲ್ಲಿ ಬರೆದುಕೊಳ್ಳಬೇಕು. ಮೊದಲನೆಯದನ್ನು ಈ ಸೀಮೆ ಸಾಧಿಸಿತು, ಎರಡನೆಯದನ್ನು ಇನ್ನೂ ಕೈಗೆತ್ತಿಕೊಂಡಿಲ್ಲ.

ಹುಕ್ಕೇರಿಯ ಪಕ್ಕದ ಗೋಕಾಕಕ್ಕೆ ಮೊದಲು ಹೋಗೋಣ, ಏಕೆಂದರೆ ಈ ಸೀಮೆಯಲ್ಲಿ ನೀರಿನ ಬಲವನ್ನು ದುಡಿಮೆಗೆ ಹಚ್ಚಿದ ಕಥೆ ಶುರುವಾಗುವುದು ಅಲ್ಲಿ. ಘಟಪ್ರಭೆ ಗೋಕಾಕದ ಬಳಿ ಸುಮಾರು 170 ಅಡಿ ಎತ್ತರದ ಬಂಡೆಯಿಂದ ಕೆಳಕ್ಕೆ ಧುಮುಕುತ್ತದೆ. 1885ರ ಹೊತ್ತಿಗೆ ಬ್ರಿಟಿಷ್ ಬಂಡವಾಳದ ಕಂಪನಿಯೊಂದು ಆ ಧುಮುಕಿನ ಮೇಲೆ ಕಣ್ಣಿಟ್ಟಿತು. 1887ರಲ್ಲಿ ಜಲಪಾತದ ನೀರಿನ ಬಲದಿಂದ ನೂಲಿನ ಗಿರಣಿ ನಡೆಯತೊಡಗಿತು. ನದಿಯ ಮೇಲ್ಗಡೆ ಧೂಪದಾಳದ ಒಡ್ಡು, ಬಂಡೆಯಿಂದ ಇಳಿಯುವ ಕೊಳವೆ, ಕೆಳಗೆ ಟರ್ಬೈನು, ಕಣಿವೆಯ ಮೇಲೆ ಕೆಲಸಗಾರರು ಓಡಾಡುವ ತೂಗುಸೇತುವೆ: ಎಂಜಿನಿಯರಿಂಗಿನ ದೃಷ್ಟಿಯಿಂದ ಆ ಕಾಲಕ್ಕೆ ಅದು ದೊಡ್ಡ ಸಾಹಸ. ಕಲ್ಲಿದ್ದಲನ್ನು ಸುಡದೆ ನದಿಯ ಹರಿವಿನಿಂದಲೇ ನಡೆದ ಆ ಗಿರಣಿಯನ್ನು ಇಂದಿನ ಮಾತಿನಲ್ಲಿ ಹಸಿರು ಕೈಗಾರಿಕೆ ಎಂದೂ ಕರೆಯಬಹುದು. ಆದರೆ ಆ ಬಲ ಹರಿದದ್ದು ಒಂದೇ ಗಿರಣಿಯ ಕದಿರುಗಳಿಗೆ. ಘಟಪ್ರಭೆಯ ದಂಡೆಯ ಹಳ್ಳಿಗಳು ಇನ್ನೂ ಎಷ್ಟೋ ದಶಕ ಎಣ್ಣೆಯ ದೀಪದಲ್ಲೇ ಇದ್ದವು, ಹೊಲಗಳಲ್ಲಿ ಎತ್ತು ಹೂಡಿ ಕಪಿಲೆಯಿಂದ ನೀರೆತ್ತುವುದು ನಡೆದೇ ಇತ್ತು. ಇದರಲ್ಲಿ ಕಂಪನಿಯ ದುಷ್ಟತನವನ್ನು ಹುಡುಕಬೇಕಿಲ್ಲ. ಲಾಭ ಬರುವ ಕಡೆಗೆ ಬಂಡವಾಳ ಹರಿಯಿತು; ಚದುರಿದ ಹಳ್ಳಿಗಳಿಗೆ ಕಂಬ ನೆಡುವುದರಲ್ಲಿ ಲಾಭ ಇರಲಿಲ್ಲ. ಮೈಸೂರು ಸಂಸ್ಥಾನದಲ್ಲೂ ಹಾಗೆಯೇ ಆಯಿತು: 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಶಕ್ತಿಯ ಮೂಲ ಶುದ್ಧವಾಗಿದ್ದರೆ ಸಾಕು, ಉಳಿದದ್ದು ತಾನಾಗಿ ಸರಿಹೋಗುತ್ತದೆ ಎನ್ನುವವರು ಗೋಕಾಕವನ್ನು ನೋಡಬೇಕು. ಯಾರ ಕೈಯಲ್ಲಿ, ಯಾರಿಗಾಗಿ ಎಂಬ ಪ್ರಶ್ನೆ ಅಲ್ಲಿ 1887ರಲ್ಲೇ ಎದ್ದಿತ್ತು.

ಆ ಪ್ರಶ್ನೆಗೆ ಉತ್ತರ ಈ ನಾಡಿನ ಒಳಗಿನಿಂದಲೇ ಬಂತು, ಮೊದಲಿಗೆ ಸಾಲದ ರೂಪದಲ್ಲಿ. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾವಕಾರರ ಮೇಲೆ ಎದ್ದು ಸಾಲಪತ್ರಗಳನ್ನು ಸುಟ್ಟರು. ಬಡ್ಡಿಯ ಹಿಡಿತ ಸಡಿಲಿಸಲು ಸರಕಾರ ಮಾಡಿದ ಹಲವು ಪ್ರಯತ್ನಗಳ ಕೊನೆಗೆ 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿಯ ಇತಿಹಾಸದಲ್ಲಿ ಆ ಹಳ್ಳಿಯದು ಮೊದಲ ಹೆಸರುಗಳಲ್ಲೊಂದು. ಸ್ವಾತಂತ್ರ್ಯ ಬಂದ ಮೇಲೆ ಪತ್ತಿನಿಂದ ಕಾರ್ಖಾನೆಗೆ ಹೆಜ್ಜೆ ಇಟ್ಟವರು ಅಹಮದನಗರ ಜಿಲ್ಲೆಯ ವಿಠ್ಠಲರಾವ್ ವಿಖೆ ಪಾಟೀಲ ಮತ್ತು ಅರ್ಥಶಾಸ್ತ್ರಜ್ಞ ಧನಂಜಯರಾವ್ ಗಾಡಗೀಳ. 1950ರ ಹೊತ್ತಿಗೆ ಪ್ರವರಾ ತೀರದಲ್ಲಿ ರೈತರದೇ ಸಕ್ಕರೆ ಕಾರ್ಖಾನೆ ಎದ್ದಿತು. ಆಗ ಬೆಳಗಾವಿ ಜಿಲ್ಲೆಯೂ ಮುಂಬಯಿ ರಾಜ್ಯದಲ್ಲಿತ್ತು, ಹಾಗಾಗಿ ಆ ಗಾಳಿ ಇತ್ತ ಬೀಸಲು ತಡವಾಗಲಿಲ್ಲ. ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ, ಗೋಕಾಕ ಸೀಮೆಯಲ್ಲಿ ಘಟಪ್ರಭಾ ಸಹಕಾರಿ ಕಾರ್ಖಾನೆ ಹುಟ್ಟಿದವು. ಹುಕ್ಕೇರಿ ತಾಲ್ಲೂಕಿನ ಜನ ಸಕ್ಕರೆ ಕಾರ್ಖಾನೆಯ ಮಾತಿಗೂ ವಿದ್ಯುತ್ ಸಂಘದ ಮಾತಿಗೂ ಇಂದಿಗೂ ಅಪ್ಪಣಗೌಡ ಪಾಟೀಲರ ಹೆಸರನ್ನು ಸೇರಿಸಿಯೇ ಆಡುತ್ತಾರೆ. ಕಬ್ಬು ಅರೆಯುವ ಕಾರ್ಖಾನೆಯನ್ನು ಸಂಘ ಕಟ್ಟಿ ನಡೆಸಬಹುದಾದರೆ ಕರೆಂಟನ್ನು ಏಕೆ ಹಂಚಬಾರದು ಎಂಬ ಧೈರ್ಯ ಇಂಥ ನೆಲದಲ್ಲೇ ಬರಬೇಕು.

1969ರ ಪ್ರಯೋಗಕ್ಕೆ ಮಾದರಿ ಬಂದದ್ದು, ಅಚ್ಚರಿಯೆಂದರೆ, ಬಂಡವಾಳಶಾಹಿಯ ತವರಾದ ಅಮೆರಿಕದಿಂದ. 1930ರ ದಶಕದ ಆರಂಭದಲ್ಲಿ ಅಲ್ಲಿನ ಹತ್ತು ಹೊಲಮನೆಗಳಲ್ಲಿ ಒಂಬತ್ತಕ್ಕೆ ವಿದ್ಯುತ್ ಇರಲಿಲ್ಲ. ಖಾಸಗಿ ಕಂಪನಿಗಳು ಪಟ್ಟಣ ದಾಟಿ ತಂತಿ ಎಳೆಯಲು ಒಪ್ಪಲಿಲ್ಲ. 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಗ್ರಾಮೀಣ ವಿದ್ಯುದೀಕರಣಕ್ಕೆಂದೇ ಒಂದು ಸಂಸ್ಥೆ ಮಾಡಿದಾಗ ಅದರ ಸಾಲ ಪಡೆದು ತಂತಿ ಎಳೆದವರು ರೈತರ ಸಹಕಾರಿ ಸಂಘಗಳು. ಅವು ಇಂದಿಗೂ ನೂರಾರು ಸಂಖ್ಯೆಯಲ್ಲಿ ನಡೆಯುತ್ತಿವೆ. ಆ ಸಂಘಗಳ ರಾಷ್ಟ್ರೀಯ ಒಕ್ಕೂಟದ ತಜ್ಞರು 1960ರ ದಶಕದಲ್ಲಿ ಭಾರತಕ್ಕೆ ಬಂದರು. ಇಲ್ಲಿ ಬರಗಾಲದ ಬೆನ್ನಿಗೆ ನೀರಾವರಿ ಪಂಪುಗಳಿಗೆ ವಿದ್ಯುತ್ತು ತುರ್ತಾಗಿ ಬೇಕಿತ್ತು. ವೆಂಕಟಪ್ಪಯ್ಯ ಸಮಿತಿಯ ಸಲಹೆಯಂತೆ 1969ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಹುಟ್ಟಿತು. ಅಮೆರಿಕದ ಗೋಧಿ ಮಾರಿ ಇಲ್ಲಿ ಕೂಡಿಬಿದ್ದಿದ್ದ ಪಿಎಲ್-480 ರೂಪಾಯಿ ನಿಧಿಯೂ ಅದರ ಬಂಡವಾಳಕ್ಕೆ ಸೇರಿತು. ದೇಶದಲ್ಲಿ ಐದು ಕಡೆ ಮೊದಲ ಸಂಘಗಳು ಬಂದವು: ಆಗಿನ ಆಂಧ್ರಪ್ರದೇಶದ ಸಿರ್ಸಿಲ್ಲಾ, ಗುಜರಾತಿನ ಕೋಡಿನಾರ್, ಮಹಾರಾಷ್ಟ್ರದ ಮುಳಾ-ಪ್ರವರಾ, ಉತ್ತರಪ್ರದೇಶದ ಲಖನೌ, ಮತ್ತು ಆಗಿನ ಮೈಸೂರು ರಾಜ್ಯದ ಹುಕ್ಕೇರಿ. ಸಂಘ ನಡೆಯುವ ಬಗೆ ಸರಳ. ವಿದ್ಯುತ್ತನ್ನು ಸಗಟಾಗಿ ಕೊಂಡು, ತನ್ನ ತಂತಿಯಲ್ಲಿ ಹಂಚಿ, ಬಿಲ್ಲು ವಸೂಲು ಮಾಡಿ, ಉಳಿದದ್ದರಲ್ಲಿ ತಂತಿ ಬೆಳೆಸುವುದು. ಷೇರು ಪಡೆದ ಗ್ರಾಹಕ ಸದಸ್ಯನಾಗುತ್ತಾನೆ. ನೂರು ಎಕರೆಯವನಿಗೂ ಒಂದೇ ಬಲ್ಬಿನ ಮನೆಯವಳಿಗೂ ಒಂದೊಂದೇ ಮತ. ಕಬ್ಬಿಗೆ ನೀರು ಹಾಯಿಸುವ ಬೇಸಗೆಯಲ್ಲಿ ಹೊಲದ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರು, ಸುಟ್ಟರೆ ಈ ಸರಳತೆಯ ಬೆಲೆ ತಿಳಿಯುತ್ತದೆ. ಆ ಟಿಸಿಯ ಕೆಳಗಿನ ಹತ್ತಾರು ಪಂಪುಗಳು ನಿಂತುಬಿಡುತ್ತವೆ, ಕಬ್ಬಿನ ಗರಿ ಒಣಗತೊಡಗುತ್ತದೆ. ಆಗ ರೈತ ದೂರು ಹೇಳಬೇಕಾದ ಆಡಳಿತ ಮಂಡಳಿ ಇರುವುದು ತಾಲ್ಲೂಕಿನ ಊರಿನಲ್ಲೇ, ಮತ್ತು ಅದರ ನಿರ್ದೇಶಕರು ಮುಂದಿನ ಚುನಾವಣೆಗೆ ಅವನ ಮನೆ ಬಾಗಿಲಿಗೇ ಬರಬೇಕು.

ಇದೇ ಕೆಲಸವನ್ನು ಸರಕಾರಿ ಮಂಡಳಿಯೂ ಮಾಡುತ್ತಿತ್ತಲ್ಲ, ಸಂಘದಿಂದ ಏನು ಹೆಚ್ಚಾಯಿತು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕರ್ನಾಟಕದ ಉಳಿದ ತಾಲ್ಲೂಕುಗಳಿಗೆ ವಿದ್ಯುತ್ ತಲುಪಿಸಿದ್ದು ಸರಕಾರವೇ, ಆ ಸಾಧನೆ ಚಿಕ್ಕದಲ್ಲ. ನನ್ನ ವಾದ ಸಂಘವು ಸರಕಾರಕ್ಕಿಂತ ಹೆಚ್ಚು ದಕ್ಷ ಎಂಬುದಲ್ಲ. ಲಾಭವೂ ಇಲ್ಲದೆ ಸರಕಾರಿ ಹುದ್ದೆಯೂ ಇಲ್ಲದೆ, ಲಕ್ಷಕ್ಕೂ ಹೆಚ್ಚು ಸಂಪರ್ಕಗಳ ಸಂಕೀರ್ಣ ವ್ಯವಸ್ಥೆಯನ್ನು ರೈತರ ಸಂಘವೊಂದು ಎರಡು ತಲೆಮಾರು ನಡೆಸಿಕೊಂಡು ಬಂದಿದೆ ಎಂಬುದೇ ಇಲ್ಲಿ ಮುಖ್ಯ. ಮಾರುಕಟ್ಟೆ ಇಲ್ಲವೇ ಸರಕಾರ, ಮೂರನೆಯ ದಾರಿಯೇ ಇಲ್ಲ ಎನ್ನುವ ಮಾತು ಹುಕ್ಕೇರಿಯ ಎದುರು ನಿಲ್ಲುವುದಿಲ್ಲ. ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ನಮ್ಮ ಸಹಕಾರಿ ಸಂಘಗಳು ಕೆಲವೇ ಮನೆತನಗಳ ಹಿಡಿತಕ್ಕೆ ಸಿಕ್ಕಿವೆ, ಸದಸ್ಯ ಹೆಸರಿಗೆ ಮಾತ್ರ ಒಡೆಯ. ಬೆಳಗಾವಿ ಜಿಲ್ಲೆಯನ್ನು ಬಲ್ಲ ಯಾರೂ ಇದನ್ನು ಅಲ್ಲಗಳೆಯಲಾರರು. 2025ರ ಸೆಪ್ಟೆಂಬರಿನಲ್ಲಿ ಹುಕ್ಕೇರಿ ವಿದ್ಯುತ್ ಸಂಘದ ಆಡಳಿತ ಮಂಡಳಿಗೆ ನಡೆದ ಚುನಾವಣೆಯಲ್ಲಿ ಜಿಲ್ಲೆಯ ದೊಡ್ಡ ರಾಜಕೀಯ ಬಣಗಳೆಲ್ಲ ಕಣಕ್ಕಿಳಿದವು. ಅದು ವಿಧಾನಸಭೆ ಚುನಾವಣೆಗಿಂತ ಕಡಿಮೆಯದಾಗಿರಲಿಲ್ಲ. ಸಹಕಾರ ತತ್ತ್ವವನ್ನು ಪ್ರೀತಿಸುವವರಿಗೆ ಇದು ನೋವಿನ ಸಂಗತಿ. ಆದರೂ ಒಂದು ಮಾತನ್ನು ಮರೆಯಬಾರದು. ಆ ಬಣಗಳು ಗೆಲ್ಲಬೇಕಾದರೆ ಹಳ್ಳಿ ಹಳ್ಳಿ ತಿರುಗಿ ಸದಸ್ಯರ ಮತ ಕೇಳಲೇಬೇಕಾಯಿತು. ಖಾಸಗಿ ವಿತರಣಾ ಕಂಪನಿಯ ಷೇರುಗಳು ಮುಂಬಯಿಯಲ್ಲಿ ಕೈ ಬದಲಾದರೆ ಗ್ರಾಹಕನಿಗೆ ಸುದ್ದಿಯೂ ಸಿಗುವುದಿಲ್ಲ. ಕೆಟ್ಟ ಆಡಳಿತವನ್ನು ಕೆಳಗಿಳಿಸುವ ಬಾಗಿಲು ಇಲ್ಲಿ ಇನ್ನೂ ತೆರೆದಿದೆ. ಅದನ್ನು ಬಳಸುವುದು, ಬಿಡುವುದು ಸದಸ್ಯರ ಎಚ್ಚರಕ್ಕೆ ಬಿಟ್ಟದ್ದು. ಎಚ್ಚರ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಮುಳಾ-ಪ್ರವರಾ ಸಾಕ್ಷಿ. ಸಗಟು ವಿದ್ಯುತ್ತಿನ ಬಾಕಿ ಬೆಟ್ಟದಂತೆ ಬೆಳೆದು 2011ರಲ್ಲಿ ಆ ಸಂಘದ ವಿತರಣೆ ರಾಜ್ಯದ ಕಂಪನಿಯ ಪಾಲಾಯಿತು. ಮೊದಲ ಐದರಲ್ಲಿ ಸಿರ್ಸಿಲ್ಲಾ ಮತ್ತು ಹುಕ್ಕೇರಿ ಇನ್ನೂ ನಡೆಯುತ್ತಿವೆ.

ಇಷ್ಟು ಹೇಳಿದ ಮೇಲೆ ನಿಜವಾದ ತೊಡಕಿಗೆ ಬರಬೇಕು. ಹುಕ್ಕೇರಿಯ ಸಂಘ ಕಂಬ-ತಂತಿಗಳಿಗೆ ಒಡೆಯ, ಆದರೆ ಅದರ ತಂತಿಯ ತುದಿಗೆ ಇರುವುದು ಪಂಪು. ಪಂಪಿನ ಕೆಳಗೆ ಬಾವಿ, ಬೋರು, ನದಿ. ಸಂಘದ ಜಮಾಖರ್ಚಿನಲ್ಲಿ ಯೂನಿಟ್ಟಿನ ಲೆಕ್ಕವಿದೆ, ರೂಪಾಯಿಯ ಲೆಕ್ಕವಿದೆ, ಆ ಯೂನಿಟ್ಟಿನಿಂದ ಮೇಲೆ ಬಂದ ನೀರಿನ ಲೆಕ್ಕವಿಲ್ಲ. 2008ರಿಂದ ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪಿಗೆ ವಿದ್ಯುತ್ ಉಚಿತ. ಅದರ ಹಣ ಸರಕಾರದ ಸಹಾಯಧನವಾಗಿ ಬರುತ್ತದೆ. ರೈತನಿಗೆ ಅದು ಬೇಕಿತ್ತು, ಬೆಳೆಯ ಬೆಲೆ ಎಂದೂ ನೆಟ್ಟಗಿರದ ಕಾಲದಲ್ಲಿ ಅದನ್ನು ಆಕ್ಷೇಪಿಸುವುದು ಅನ್ಯಾಯ. ಆದರೆ ನೀರಿಗೆ ಬೆಲೆಯೂ ಇಲ್ಲ, ಮಿತಿಯೂ ಇಲ್ಲ ಎಂದಾದಾಗ ಹೊಲ ಕಬ್ಬಿನ ಕಡೆಗೇ ವಾಲುತ್ತದೆ. ರಾಜ್ಯದಲ್ಲಿ ಸಕ್ಕರೆ ಕಾರ್ಖಾನೆಗಳು ಹೆಚ್ಚಿರುವ ಜಿಲ್ಲೆ ಬೆಳಗಾವಿಯೇ. ಕಾರ್ಖಾನೆ ಸಹಕಾರಿಯದ್ದೇ ಆಗಿರಲಿ, ಖಾಸಗಿಯದ್ದೇ ಆಗಿರಲಿ, ಅದರ ಗಾಣಕ್ಕೆ ಕಬ್ಬು ಬೇಕು, ಕಬ್ಬಿಗೆ ವರ್ಷವಿಡೀ ನೀರು ಬೇಕು. ಒಡೆತನದ ಬಗೆ ಏನೇ ಇರಲಿ, ನದಿಯ ಮೇಲೆ ಬೀಳುವ ಭಾರ ಒಂದೇ. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ದಿನಗಟ್ಟಲೆ ಕೂತರು. ಕೊನೆಗೆ 3,300ಕ್ಕೆ ಒಪ್ಪಂದವಾಯಿತು. ಆ ಹೋರಾಟ ನ್ಯಾಯದ್ದು. ಆದರೆ ಒಂದು ಟನ್ ಕಬ್ಬಿಗೆ ಎಷ್ಟು ನೀರು ಹೋಯಿತು, ಆ ನೀರು ಇನ್ನೆಷ್ಟು ವರ್ಷ ಸಿಕ್ಕೀತು ಎಂಬ ಪ್ರಶ್ನೆಗೆ ಬೆಲೆಯ ಚೌಕಾಸಿಯಲ್ಲಿ ಜಾಗವಿಲ್ಲ.

ಜೆ.ಸಿ. ಕುಮಾರಪ್ಪ 1945ರಲ್ಲಿ, ಸೆರೆಮನೆಯಲ್ಲಿದ್ದಾಗ ಬರೆದ ಶಾಶ್ವತ ಅರ್ಥವ್ಯವಸ್ಥೆಯ ಕುರಿತ ಪುಸ್ತಕದಲ್ಲಿ ಈ ತೊಡಕನ್ನು ಮೊದಲೇ ಗುರುತಿಸಿದ್ದರು. ವಾರ್ಧಾದಲ್ಲಿ ಗ್ರಾಮೋದ್ಯೋಗ ಸಂಘವನ್ನು ನಡೆಸಿದ ಆ ಅರ್ಥಶಾಸ್ತ್ರಜ್ಞ ಸಂಪತ್ತನ್ನು ಎರಡಾಗಿ ನೋಡಿದರು: ತೆಗೆದಂತೆ ಬರಿದಾಗುವ ಸಂಗ್ರಹ, ಮತ್ತು ಮತ್ತೆ ಮತ್ತೆ ಬಂದು ಸೇರುವ ಹರಿವು. ಕಲ್ಲಿದ್ದಲು, ಎಣ್ಣೆ ಮೊದಲನೆಯದು. ಮರ, ಗಾಳಿ, ಹರಿಯುವ ನೀರು ಎರಡನೆಯದು. ಸಂಗ್ರಹದ ಮೇಲೆ ಕಟ್ಟಿದ ಬದುಕು ಕಡೆಗೆ ಜಗಳಕ್ಕೆ, ಯುದ್ಧಕ್ಕೆ ದಾರಿ ಮಾಡುತ್ತದೆ ಎಂಬುದು ಅವರ ತೀರ್ಮಾನ. ಈ ಅಳತೆಗೋಲನ್ನು ಹುಕ್ಕೇರಿಗೆ ಹಿಡಿದರೆ ಒಂದು ಕಹಿ ಸತ್ಯ ಕಾಣುತ್ತದೆ. ಮಳೆಯಿಂದ ಮರಳಿ ತುಂಬುವ ಅಂತರ್ಜಲ ಹರಿವಿನ ಸಂಪತ್ತೇ ಸರಿ, ಆದರೆ ತುಂಬಿದ್ದಕ್ಕಿಂತ ಹೆಚ್ಚು ಎಳೆದಾಗ ಅದು ಗಣಿಯಾಗುತ್ತದೆ. ನದಿಯೂ ಭರವಸೆಯದ್ದಾಗಿ ಉಳಿದಿಲ್ಲ. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಘಟಪ್ರಭೆಗೆ ಕಟ್ಟಿದ, 51 ಟಿಎಂಸಿ ನೀರು ಹಿಡಿಯುವ ಜಲಾಶಯ ಮಳೆ ಕೈಕೊಟ್ಟ ವರ್ಷ ಎಷ್ಟು ಇಳಿಯುತ್ತದೆಂದರೆ, ಮುಳುಗಡೆಯಾದ ಹುನ್ನೂರಿನ ವಿಠ್ಠಲ ಗುಡಿ ಪೂರ್ತಿ ಮೇಲೆದ್ದು ಕಾಣುತ್ತದೆ. ಅದೇ ಘಟಪ್ರಭೆ 2019ರ ಆಗಸ್ಟಿನಲ್ಲಿ ಮಾರ್ಕಂಡೇಯ, ಹಿರಣ್ಯಕೇಶಿಗಳ ಜೊತೆ ಉಕ್ಕಿ ಗೋಕಾಕ ಪಟ್ಟಣದೊಳಗೇ ನುಗ್ಗಿತು. ಇಂಥ ಏರಿಳಿತದ ನೀರಿನ ಮೇಲೆ ವರ್ಷವಿಡೀ ಒಂದೇ ಸಮ ನೀರು ಬೇಡುವ ಬೆಳೆಯನ್ನು ನಂಬಿ ಕೂರುವುದು ಯಾವ ಒಡೆತನದಲ್ಲೂ ಸುರಕ್ಷಿತವಲ್ಲ.

ಹಾಗಾದರೆ ಮಿತಿ ಹಾಕಿಕೊಂಡ ರೈತರು ಎಲ್ಲಾದರೂ ಇದ್ದರೇ? ಇದ್ದರು, ಅದೂ ಹಳೆಯ ಮುಂಬಯಿ ಪ್ರಾಂತದಲ್ಲೇ. ಧುಳೆ, ನಾಸಿಕ ಭಾಗದ ಪಾಂಝರಾ, ಮೋಸಮ್ ನದಿಗಳ ಮೇಲೆ ಶತಮಾನಗಳ ಹಿಂದೆಯೇ ಹಳ್ಳಿಗರು ಒಡ್ಡು ಕಟ್ಟಿ ಫಡ್ ಎಂಬ ಪದ್ಧತಿ ನಡೆಸಿದ್ದರು. ಒಡ್ಡಿನ ನೀರು ಉಣ್ಣುವ ಭೂಮಿಯನ್ನೆಲ್ಲ ಕೆಲವು ದೊಡ್ಡ ಫಡ್‌ಗಳಾಗಿ ಹಂಚುವುದು. ಒಂದು ಫಡ್‌ನಲ್ಲಿ ಎಲ್ಲರದೂ ಒಂದೇ ಬೆಳೆ. ಕಬ್ಬಿಗೆ ಒಂದೇ ಫಡ್, ಅದೂ ವರ್ಷ ವರ್ಷ ಸರದಿಯಂತೆ ಬದಲಾಗುತ್ತದೆ. ಪ್ರತಿ ಮನೆತನಕ್ಕೂ ಒಂದಕ್ಕಿಂತ ಹೆಚ್ಚು ಫಡ್‌ಗಳಲ್ಲಿ ತುಂಡು ಭೂಮಿ ಇರುವುದರಿಂದ ಕಬ್ಬಿನ ಲಾಭವೂ, ಬರಗಾಲದಲ್ಲಿ ಒಂದು ಫಡ್‌ಗೆ ನೀರು ನಿಲ್ಲಿಸಿದಾಗಿನ ನಷ್ಟವೂ ಹಂಚಿಹೋಗುತ್ತದೆ. ಪಾಟಕರಿ, ಹವಾಲದಾರ ಮುಂತಾಗಿ ನೀರು, ಕಾಲುವೆ ನೋಡಿಕೊಳ್ಳುವವರೆಲ್ಲ ಊರವರೇ ನೇಮಿಸಿದ ಜನ. ತಮ್ಮ ಸರಕಾರಿ ಎಂಜಿನಿಯರ್ ವೃತ್ತಿಯ ಮೊದಲ ವರ್ಷಗಳನ್ನು ಧುಳೆಯ ಸುತ್ತಲಿನ ಅದೇ ಖಾನದೇಶ ಸೀಮೆಯಲ್ಲಿ ಕಳೆದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯ. ಮುಂದೆ, 20ನೇ ಶತಮಾನದ ಆರಂಭದಲ್ಲಿ, ಅವರು ನೀರಾ ಕಾಲುವೆಯ ಮೇಲೆ ಜಾರಿಗೆ ತಂದ ಬ್ಲಾಕ್ ಪದ್ಧತಿಯಲ್ಲೂ ಇದೇ ತಿರುಳು ಕಾಣುತ್ತದೆ: ಒಂದು ಬ್ಲಾಕಿನ ಒಂದು ಪಾಲಿಗಷ್ಟೇ ಕಬ್ಬು, ಉಳಿದ ಪಾಲಿಗೆ ಕಡಿಮೆ ನೀರಿನ ಬೆಳೆ, ಮತ್ತು ಸರದಿ. ಕನ್ನಂಬಾಡಿ ಕಟ್ಟಿದ ವಿಶ್ವೇಶ್ವರಯ್ಯನವರನ್ನು ನಾವು ಕೊಂಡಾಡುತ್ತೇವೆ. ಕಬ್ಬಿಗೆ ಕಡಿವಾಣ ಹಾಕಿದ ವಿಶ್ವೇಶ್ವರಯ್ಯನವರನ್ನು ಅಷ್ಟಾಗಿ ನೆನೆಯುವುದಿಲ್ಲ. 1972ರ ಬರದ ಬಳಿಕ ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನಲ್ಲಿ ವಿಲಾಸರಾವ್ ಸಾಳುಂಖೆ ಕಟ್ಟಿದ ಪಾಣಿ ಪಂಚಾಯತ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ನೀರಿನ ಪಾಲು ಭೂಮಿಯ ಲೆಕ್ಕದಲ್ಲಿ ಇರಲಿಲ್ಲ, ತಲೆಯ ಲೆಕ್ಕದಲ್ಲಿತ್ತು. ಭೂಮಿ ಇಲ್ಲದವನಿಗೂ ಪಾಲು, ಕಬ್ಬಿಗೆ ನಿಷೇಧ. ಈ ಮೂರೂ ಕಡೆ ಕಾಣುವುದು ಒಂದೇ: ಮಿತಿಯನ್ನು ಎಲ್ಲರೂ ಒಟ್ಟಿಗೆ ಪಾಲಿಸಿದಾಗ ಯಾರೊಬ್ಬನೂ ಮೋಸಹೋದೆ ಎಂದುಕೊಳ್ಳುವುದಿಲ್ಲ. ಸಾಮುದಾಯಿಕ ಸಂಪತ್ತಿನ ಆಳ್ವಿಕೆಯನ್ನು ಲೋಕದ ನಾನಾ ಕಡೆ ಅಧ್ಯಯನ ಮಾಡಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಕೂಡ, ಬಳಕೆದಾರರೇ ನಿಯಮ ಮಾಡಿ ತಾವೇ ಕಾವಲು ಕಾಯುವ ಕಡೆ ಸಂಪತ್ತು ಬಹುಕಾಲ ಉಳಿಯಬಲ್ಲದು ಎಂದು ತೋರಿಸಿಕೊಟ್ಟರು.

ಇಲ್ಲಿ ಒಂದು ಸಂಕಟದ ಆಕ್ಷೇಪ ಬರುತ್ತದೆ. ಕಬ್ಬು ಬಿಟ್ಟರೆ ಈ ಭಾಗದ ರೈತನಿಗೆ ಮಾರುವ ಭರವಸೆಯ ಬೆಳೆ ಯಾವುದಿದೆ? ಜೋಳ, ಶೇಂಗಾ, ಸೋಯಾಬೀನಿನ ಬೆಲೆ ಬಿದ್ದರೆ ಕೇಳುವವರಿಲ್ಲ. ಕಬ್ಬಿಗೆ ಕೇಂದ್ರ ಸರಕಾರ ನಿಗದಿ ಮಾಡಿದ ಬೆಲೆಯಾದರೂ ಉಂಟು. ಹೊಟ್ಟೆಪಾಡಿನ ಈ ಮಾತನ್ನು ಪರಿಸರದ ಹೆಸರಿನಲ್ಲಿ ತಳ್ಳಿಹಾಕುವುದು ಸಲ್ಲ. ಮಿತಿಯ ಜೊತೆಗೆ ಆದಾಯವೂ ಬರಬೇಕು, ಮತ್ತು ವಿದ್ಯುತ್ ಸಂಘಕ್ಕೆ ಬೇರೆ ಯಾವ ಸಂಘಕ್ಕೂ ಇಲ್ಲದ ಸೌಲಭ್ಯ ಇರುವುದು ಇಲ್ಲೇ. 2016ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ಢುಂಡಿಯಲ್ಲಿ ಬೆರಳೆಣಿಕೆಯ ರೈತರು ಸೇರಿ ಸೌರಶಕ್ತಿಯ ಸಹಕಾರಿ ಮಂಡಳಿ ಕಟ್ಟಿದರು. ಸೌರಪಂಪಿನಿಂದ ಬೇಕಾದಷ್ಟು ನೀರೆತ್ತಿ, ಮಿಕ್ಕ ವಿದ್ಯುತ್ತನ್ನು ವಿತರಣಾ ಕಂಪನಿಗೆ ಮಾರುವ ಒಪ್ಪಂದ ಮಾಡಿಕೊಂಡರು. ಎತ್ತದೆ ಉಳಿಸಿದ ನೀರಿಗೂ ಹೀಗೆ ಹಣ ಬರುತ್ತದೆ. ನಮ್ಮಲ್ಲೂ ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಸೂರ್ಯರೈತ ಯೋಜನೆ ಇದೇ ಆಸೆಯಿಂದ ಆರಂಭವಾಗಿತ್ತು. ಹಾರೋಬೆಲೆಯದ್ದು ಸರಕಾರ ಮೇಲಿನಿಂದ ಇಳಿಸಿದ ಯೋಜನೆ. ಹುಕ್ಕೇರಿಯಲ್ಲಿ ತಂತಿಯೂ ಬಿಲ್ಲೂ ಸದಸ್ಯತ್ವವೂ ಈಗಾಗಲೇ ರೈತರದೇ ಸಂಘದಲ್ಲಿವೆ. ಸದಸ್ಯರ ಹೊಲದ ಸೌರ ವಿದ್ಯುತ್ತನ್ನು ಸಂಘವೇ ಕೊಂಡು ಸದಸ್ಯರಿಗೇ ಹಂಚಿದರೆ ಸಗಟು ಖರೀದಿಯ ಹೊರೆ ಇಳಿಯುತ್ತದೆ, ಕಬ್ಬಿಗೆ ಹೋಗುವ ನೀರನ್ನು ಕಡಿಮೆ ಮಾಡಿದ ಮನೆಗೆ ಬೇರೊಂದು ವರಮಾನ ಸಿಗುತ್ತದೆ. ಇದಕ್ಕೆ ವಿದ್ಯುತ್ ನಿಯಂತ್ರಣ ಆಯೋಗದ ಒಪ್ಪಿಗೆ, ಹೆಸ್ಕಾಂ ಜೊತೆ ಮಾತುಕತೆ, ಬ್ಯಾಂಕಿನ ಸಾಲ ಎಲ್ಲವೂ ಬೇಕು, ಸುಲಭದ ಕೆಲಸವಲ್ಲ. 1969ರಲ್ಲಿ ತಂತಿ ಎಳೆದದ್ದೂ ಸುಲಭವಿರಲಿಲ್ಲ. ನೆರೆಯ ತಾಲ್ಲೂಕುಗಳು ನೀರೆಳೆಯುತ್ತಿರುವಾಗ ಹುಕ್ಕೇರಿಯೊಂದೇ ಏಕೆ ಬಿಗಿ ಹಿಡಿಯಬೇಕು ಎಂದರೆ, ಉತ್ತರ ಅದರ ಭೂಗೋಳದಲ್ಲೇ ಇದೆ. ಹಿಡಕಲ್ ಇರುವುದು ಈ ತಾಲ್ಲೂಕಿನಲ್ಲಿ. ಇಲ್ಲಿಂದ ಗೋಕಾಕ, ಮೂಡಲಗಿ, ಬಾಗಲಕೋಟೆಯ ಕಡೆಗೆ ನೀರು ಹರಿಯುತ್ತದೆ. ಮೇಲಿನವರು ನಡೆದುಕೊಂಡಂತೆ ಕೆಳಗಿನವರ ಬದುಕು.

ಇದನ್ನು ಓದುವ ಸಂಘದ ಸದಸ್ಯರಿಗೆ ಒಂದು ಮನವಿ. ವಾರ್ಷಿಕ ಮಹಾಸಭೆಯಲ್ಲಿ ಅಢಾವೆ ಪತ್ರಿಕೆ, ಬಾಕಿ, ಚುನಾವಣೆಯ ಮಾತು ಮುಗಿದ ಮೇಲೆ ಇನ್ನೊಂದು ವಿಷಯವನ್ನು ಸೇರಿಸಿ ಎಂದು ಕೇಳಿ: ಈ ವರ್ಷ ನಮ್ಮ ಪಂಪುಗಳು ಎಷ್ಟು ಯೂನಿಟ್ ಉಂಡವು, ಎಷ್ಟು ನೀರು ಎತ್ತಿದವು, ನಮ್ಮೂರ ಬಾವಿಗಳ ಮಟ್ಟ ಎಷ್ಟು ಇಳಿಯಿತು. ಊರುವಾರು ಆ ಲೆಕ್ಕವನ್ನು ಛಾಪಿಸಿ ಹಂಚಲಿ. ಮಿತಿ ಎಷ್ಟಿರಬೇಕು ಎಂಬುದನ್ನು ಆ ಮೇಲೆ ನೀವೇ ಮತ ಹಾಕಿ ತೀರ್ಮಾನಿಸಿ. ಆ ಸಭೆಯಲ್ಲಿ ಎದ್ದುನಿಂತು ಕೇಳುವ ಹಕ್ಕು ನಿಮ್ಮ ಒಂದೊಂದು ಷೇರಿನಲ್ಲೂ ಇದೆ.